ಕಮಲಾತಾಳ್ ಹೊಸೆದ ಬತ್ತಿ

ತಮಿಳು ಸೀಮೆಯ ಸೂಲೂರಿನ ಮಗ್ಗದ ಬೀದಿಯಲ್ಲಿ ಕಮಲಾತಾಳ್‌ಗೆ ಇದ್ದ ಆಸ್ತಿ ಎರಡೇ: ಒಳ್ಳೆ ಹೆಸರು, ಕೆಟ್ಟ ಬಾಯಿ. ಮೊದಲನೆಯದಕ್ಕೆ ಕುತ್ತು ಬಂದಾಗ ಎರಡನೆಯದೇ ಕಾಪಾಡಬೇಕಾಯಿತು.

ಉದ್ದ ಎಳೆಗಳ ಒಂದು ಹಾಸು ನೇಯ್ದು ಮುಗಿಸಿ ಇನ್ನೊಂದನ್ನು ಮಗ್ಗಕ್ಕೆ ಏರಿಸುವಾಗ ತುದಿಯಲ್ಲಿ ಗೇಣುದ್ದ ನೂಲು ಉಳಿಯುತ್ತದೆ. ಅದು ನೇಯ್ದವರದು; ಮನೆಯಲ್ಲಿ ಕನ್ನಡವಾಡುವ ಆ ಬೀದಿಯ ದೇವಾಂಗದ ನೇಕಾರರಲ್ಲಿ ಅಜ್ಜಿಯರ ಕಾಲದಿಂದ ಹಾಗೇ. ಕಮಲಾತಾಳ್ ಅದನ್ನು ಬತ್ತಿ ಹೊಸೆದು ಚೌಡಮ್ಮನ ಗುಡಿಗೂ ಅಕ್ಕಪಕ್ಕದ ಮನೆಗಳಿಗೂ ಕೊಡುತ್ತಿದ್ದಳು.

ಹಳೆಯ ಯಜಮಾನರು ತೀರಿಕೊಂಡ ಮೇಲೆ ಮಗ್ಗಗಳಿಗೆ ಯಜಮಾನನಾದವನು ಅವರ ಮಗ ರಾಮ್‌ಕುಮಾರ್. ನೇಯುವವರು ಫ್ಯಾನು ಕೇಳಿದರು, ಅವನು ಕ್ಯಾಮೆರಾ ಹಾಕಿಸಿದ. ಗಾಳಿ ಬರಲಿಲ್ಲ, ಕಣ್ಣು ಬಂತು. ಕಮಲಾತಾಳ್ ನೂಲನ್ನು ಸೆರಗಿಗೆ ಕಟ್ಟಿಕೊಳ್ಳುವುದು ಆ ಕಣ್ಣಿಗೆ ಬಿತ್ತು. ಅವಳು ನೇಯ್ದ ಸೀರೆಯನ್ನು ಕೂಲಿಯ ಹತ್ತು ಪಟ್ಟಿಗೆ ಅವನು ಮಾರಿದರೆ ವ್ಯಾಪಾರ. ಅವಳು ಗೇಣು ನೂಲು ಎತ್ತಿದರೆ ಅಪರಾಧ! ನಡುಬೀದಿಯಲ್ಲಿ "ಕಳ್ಳಿ!" ಎಂದು ಕೂಗಿ ಅವಳನ್ನು ಸ್ಟೇಷನ್ನಿಗೆ ಎಳೆತಂದ. ಆ ಹೆಸರು ಬಿದ್ದವಳಿಗೆ ಆ ಬೀದಿಯಲ್ಲಿ ಯಾರೂ ಮಗ್ಗ ಕೊಡುವುದಿಲ್ಲ.

"ಎಡುತ್ತೀಂಗಳಾ, ಅಮ್ಮಾ?" ತೆಗೆದುಕೊಂಡಿರಾ ಎಂದು ಎಸ್‌ಐ ಶಕ್ತಿವೇಲ್ ತಮಿಳಿನಲ್ಲಿ ಕೇಳಿದರು.

"ಎಡುತ್ತೇನ್. ಮದುವೆಯಾಗಿ ಬಂದಾಗಿಂದ ತೆಗೀತಾನೇ ಇದೀನಿ."

"ಒಪ್ಕೊಂಡ್ಲು ನೋಡಿ ಸಾರ್!" ಎಂದ ರಾಮ್‌ಕುಮಾರ್.

ಸಿಟ್ಟು ಬಂದರೆ ಅವಳಿಗೆ ಮನೆಯ ಕನ್ನಡವೇ ಬರುವುದು. "ಯಾಕೆ ಕಂದಾ, ಶುಕ್ರವಾರ ನಿಮ್ಮಮ್ಮ ಹಚ್ಚೋ ಬತ್ತಿ ಯಾವ ಮರದಲ್ಲಿ ಕಾಯ್ತು? ನಿಮ್ಮಪ್ಪನೇ ಎದುರಿಗೆ ನಿಂತು, 'ಬಿಗಿಯಾಗಿ ಹೊಸಿ ತಾಯಿ' ಅಂತಿದ್ರು. ನಾನು ಕಳ್ಳಿ ಅಂದ್ರೆ, ಕಳ್ಳಮಾಲಲ್ಲಿ ದೀಪ ಹಚ್ಚಿದ ನಿಮ್ಮಮ್ಮನ್ನೂ ಕರ್ಕೊಂಡು ಬಾ!"

ಅದನ್ನೇ ಎಸ್‌ಐಗೆ ತಮಿಳಿನಲ್ಲಿ, ಇನ್ನೂ ಜೋರಾಗಿ ಒಪ್ಪಿಸಿದಳು.

ಶಕ್ತಿವೇಲ್ ಪೆನ್ನು ಕೆಳಗಿಟ್ಟರು. "ತಂಬಿ, ಒಪ್ಪಿಗೆ ಇಲ್ಲದೆ, ಮೋಸದ ಮನಸ್ಸಿಂದ ಎತ್ಕೊಂಡ್ರೆ ಕಳ್ಳತನ. ಇದು ನಿಮ್ಮಪ್ಪ ಗೊತ್ತಿದ್ದೇ ಕೊಟ್ಟದ್ದು. ನಿಮ್ಮ ಮನೇಲೇ ಉರಿದಿದೆ. ಬೇಡ ಅನ್ನೋದಾದ್ರೆ ಮೊದಲೇ ಅನ್ನಬೇಕಿತ್ತು. ಕೇಸಿಲ್ಲ. ಹೋಗಿ ಅಮ್ಮಾ."

ಅವಳು ಬೆಂಚು ಬಿಡಲಿಲ್ಲ. "ಇವನು ಕೂಗಿದ್ದು ಬೀದೀಲಿ. ನೀವು ಇಲ್ಲಿ ಹೇಳಿದ್ದು ಅಲ್ಲಿಗೆ ಕೇಳ್ಸುತ್ತಾ?"

ಬತ್ತಿ ಇಟ್ಟವನೇ ಆರಿಸಬೇಕಾಯಿತು. ಎಸ್‌ಐ ಮಾತಿಗೆ ಮಣಿದು ರಾಮ್‌ಕುಮಾರ್ ಬೀದಿಯಲ್ಲಿ ನಿಂತು, "ಇವರು ಕದ್ದಿಲ್ಲ" ಎಂದು ಗೊಣಗಿದ.

"ಬೆಳಿಗ್ಗೆ ಇದ್ದ ಗಂಟಲು ಎಲ್ಲಿ ಹೋಯ್ತು?"

ಮನೆಮನೆಯ ಬಾಗಿಲು ತೆರೆಯುವವರೆಗೆ ಕೂಗಿಸಿದಳು.

ಶುಕ್ರವಾರ ಅವನ ತಾಯಿ ಜಾನಕಿಯಮ್ಮ ಬತ್ತಿಗಾಗಿ ಖಾಲಿ ಬಟ್ಟಲು ಹಿಡಿದು ಬಂದರು. ಕಮಲಾತಾಳ್ ಹೊಸೆಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಮಗನ್ನ ಕಳ್ಸಿ ಅಕ್ಕಾ. ಕೇಳಿ ಇಸ್ಕೊಂಡು ಹೋಗ್ಲಿ."