ರೊಟ್ಟೆಯ ವ್ಯಾಕರಣ

ಮುಧೋಳದ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಆಚೆ ಹೊಸದಾಗಿ ತೆರೆದ ಖಾನಾವಳಿಯೊಂದರ ನೆತ್ತಿಯ ಮೇಲೆ ‘ಇಲ್ಲಿ ಬಿಸಿ ಬಿಸಿ ಜೋಳದ ರೊಟ್ಟೆ ದೊರೆಯುತ್ತದೆ’ ಎಂಬ ಫಲಕವಿದೆ. ಬರೆದವನ ಕೈ ಜಾರಿತೋ ಬರೆಸಿದವನ ನಾಲಿಗೆ ಜಾರಿತೋ ತಿಳಿಯದು. ಅಂತೂ ಗುಡಿಸು ಇರಬೇಕಾದ ಸ್ಥಾನದಲ್ಲಿ ಎತ್ವ ಬಂದು ನಿಶ್ಚಿಂತೆಯಿಂದ ಕುಳಿತಿದೆ. ಬೀಳಗಿಯ ಕಚೇರಿಗೆ ನನ್ನೊಡನೆ ದಿನವೂ ಬಸ್ಸಿನಲ್ಲಿ ಬರುವ ಸಹೋದ್ಯೋಗಿಗಳು ಅದರ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ, ಕನ್ನಡದ ಅಧಃಪತನದ ಬಗ್ಗೆ ಎರಡು ದಿನ ಕಳವಳಪಟ್ಟರು. ನಾನೂ ಒಂದು ನಗುವ ಮುಖ ಒತ್ತಿದೆ. ಒತ್ತಿದ ಮರುಕ್ಷಣ ಕಿವಿ ಬಿಸಿಯಾಯಿತು. ಯಾಕೆಂದರೆ ಈ ‘ರೊಟ್ಟೆ’ ಎಂಬ ಪದದ ಆದ್ಯ ಪ್ರವರ್ತಕ, ಹೇಳಿಕೊಳ್ಳಲು ಈಗಲೂ ಸಂಕೋಚವಾಗುತ್ತದೆ, ನಾನೇ.

ನಾನು ಬನಹಟ್ಟಿಯಿಂದ ಜಮಖಂಡಿಯ ಒಂದು ಹೈಸ್ಕೂಲಿಗೆ ಎಂಟನೆಯ ತರಗತಿಗೆ ಸೇರಿದ ವರ್ಷದ ಮಾತು ಇದು. ನಮ್ಮದು ಮಗ್ಗದ ಮನೆ. ಅಪ್ಪ ಪವರ್‌ಲೂಮಿನ ಮುಂದೆ, ಅವ್ವ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವ ರಾಟೆಯ ಮುಂದೆ. ಆ ಸದ್ದಿನಲ್ಲಿ ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕಾದ್ದರಿಂದ ನಮ್ಮ ಮನೆಯವರಿಗೆಲ್ಲ ಪಿಸುಮಾತು ಎಂಬ ಕಲೆ ಸಿದ್ಧಿಸಿರಲಿಲ್ಲ. ಅಂಥ ಧ್ವನಿಯೂ ನನ್ನ ಹದಿಮೂರನೆಯ ವಯಸ್ಸಿನಲ್ಲಿ ನಡುವೆಯೇ ಒಡೆದು, ವಾಕ್ಯದ ಆರಂಭ ಗಂಡಸಿನದಾಗಿಯೂ ಅಂತ್ಯ ಆಡಿನದಾಗಿಯೂ ಹೊರಬೀಳುತ್ತಿತ್ತು. ಮೇಲ್ದುಟಿಯ ಮೇಲೆ ಮೀಸೆಯೋ ಮಸಿಯೋ ಎಂದು ನಿರ್ಧಾರವಾಗದ ಒಂದು ಛಾಯೆ. ಮುಂದಿನ ಮೂರು ವರ್ಷಗಳ ಬೆಳವಣಿಗೆಯನ್ನು ಗಮನದಲ್ಲಿಟ್ಟು ಹೊಲಿಸಿದ್ದ ಪ್ಯಾಂಟು. ಇಷ್ಟು ಸಾಲದೆಂಬಂತೆ ನನಗೆ ನಾಲಿಗೆಯ ಚಿಂತೆಯೂ ಹತ್ತಿಕೊಂಡಿತು.

ಹತ್ತಿಸಿದವರು, ಪಾಪ, ಕನ್ನಡ ಕಲಿಸುವ ಮೇಡಂ. ಮೈಸೂರು ಕಡೆಯವರು, ಮೃದುಭಾಷಿಣಿ. ಮೊದಲ ವಾರದಲ್ಲೇ ನನ್ನ ನೋಟುಬುಕ್ಕಿನ ‘ಮನಿ’ಯನ್ನು ‘ಮನೆ’ ಎಂದೂ ‘ಸಾಲಿ’ಯನ್ನು ‘ಶಾಲೆ’ ಎಂದೂ ‘ಕಂಡಿಕಿ’ಯನ್ನು ‘ಕಂಡಿಕೆ’ ಎಂದೂ ಕೆಂಪು ಶಾಯಿಯಲ್ಲಿ ತಿದ್ದಿ, ಬರೆಯುವಾಗ ಹೀಗೆ ಬರೆಯಬೇಕು ಕಣಪ್ಪ ಎಂದರು. ನಮ್ಮ ಮಾತು ತಪ್ಪೆಂದು ಅವರು ಹೇಳಲಿಲ್ಲ. ಹಾಗೆ ಕೇಳಿಸಿಕೊಂಡದ್ದು ನನ್ನ ಕಿವಿ. ಅಧಿಕಾರಿಗಳ ಮಕ್ಕಳ ನಡುವೆ ಕೊನೆಯ ಬೆಂಚಿನಲ್ಲಿ ಕೂತು ನಾನು ಗಾಢವಾಗಿ ಚಿಂತಿಸಿ, ಒಂದು ಸೂತ್ರವನ್ನು ಆವಿಷ್ಕರಿಸಿದೆ: ಇಕಾರದಲ್ಲಿ ಮುಗಿಯುವುದೆಲ್ಲ ಹಳ್ಳಿಯದು, ಎಕಾರದಲ್ಲಿ ಮುಗಿಯುವುದೆಲ್ಲ ಓದಿದವರದು. ಇಷ್ಟು ಸುಲಭದ ಗುಟ್ಟನ್ನು ನಮ್ಮ ಊರಿನವರು ಇಷ್ಟು ವರ್ಷ ಹೇಗೆ ಕಾಣದೆ ಹೋದರೋ ಎಂದು ಮರುಕವೂ ಆಯಿತು.

ಆ ಮರುಕ ಮೊದಲು ಹರಿದದ್ದು ಅವ್ವನ ಕಡೆಗೆ. ಆಕೆ ನಾಲ್ಕನೆಯ ಇಯತ್ತೆ ಓದಿದಾಕೆ. ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲಳು. ಶಾಲೆಯಲ್ಲಿ ಪಾಲಕರ ಸಭೆ ಇರುತ್ತದೆ ಎಂದು ನನ್ನಿಂದ ತಿಳಿದ ದಿನವೇ ರಾಟೆ ನಿಲ್ಲಿಸಿ ಕೇಳಿದಳು.

“ಅಲ್ಲಿ ಹೆಂಗ ಮಾತಾಡಬೇಕ ನನಗೂ ಕಲಿಸೋ. ನಾ ಬಂದ್ರ ನಿನಗ ನಾಚಿಕಿ ಆಗಬಾರದು.”

ಕಲಿಸಿದೆ. ದಿನಕ್ಕೆ ನಾಲ್ಕು ಪದ. ಮನೆ, ಶಾಲೆ, ಕಂಡಿಕೆ ಆದಮೇಲೆ ನನ್ನ ಸೂತ್ರದ ದಿಗ್ವಿಜಯ ಆರಂಭವಾಗಿ ರೊಟ್ಟಿ ರೊಟ್ಟೆಯಾಯಿತು, ಗಾಡಿ ಗಾಡೆಯಾಯಿತು, ನಾಯಿ ನಾಯೆಯಾಯಿತು. ಅವ್ವ ಕಂಡಿಕೆ ಸುತ್ತುತ್ತ ಸುತ್ತುತ್ತ, ಮಗ್ಗದ ಗದ್ದಲವನ್ನು ಮೀರಿಸಿ “ರೊಟ್ಟೆ! ಗಾಡೆ!” ಎಂದು ಪಾಠ ಒಪ್ಪಿಸುತ್ತಿದ್ದಳು. ತಪ್ಪಿದರೆ ನಾನು ಹುಬ್ಬು ಗಂಟಿಕ್ಕುತ್ತಿದ್ದೆ. ಅಪ್ಪ ಒಮ್ಮೆ ಮಗ್ಗ ನಿಲ್ಲಿಸಿ, “ಏನ್ ನಡಸೀರಿ ತಾಯಿ ಮಗ, ಇಂಗ್ಲೀಷೇನ?” ಎಂದು ಕೇಳಿದ್ದೂ ಉಂಟು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ನಗಲಿಲ್ಲ, ಗುರುಗಳು ನಗಬಾರದಲ್ಲ!

ದಸರೆಯ ರಜೆ ಮುಗಿದ ಮೇಲೆ ಮೇಡಂ ‘ನನ್ನ ದಿನಚರಿ’ ಎಂಬ ಪ್ರಬಂಧ ಬರೆದು ತಂದು ಓದಲು ಹೇಳಿದರು. ನಾನು ಎದ್ದು ನಿಂತು, ಅರ್ಧ ಗಂಡಸಿನ ಅರ್ಧ ಆಡಿನ ಧ್ವನಿಯಲ್ಲಿ, ‘ನನ್ನ ದಿನಚರೆ’ ಎಂದು ಶೀರ್ಷಿಕೆಯಿಂದಲೇ ಶುರುಮಾಡಿದೆ. ಬೆಳಗ್ಗೆ ರೊಟ್ಟೆ ತಿಂದೆ, ಗಾಡೆ ಹತ್ತಿದೆ, ದಾರೆಯಲ್ಲಿ ಮುಧೋಳದ ಬೇಟೆ ನಾಯೆ ಕಂಡೆ. ನಾಯೆಯವರೆಗೆ ತಲುಪುವಷ್ಟರಲ್ಲಿ ತರಗತಿ ತರಗತಿಯಾಗಿ ಉಳಿದಿರಲಿಲ್ಲ. ಮೇಡಂ ನಗಲಿಲ್ಲ. “ರೊಟ್ಟಿ ಎಲ್ಲಿಗೆ ಹೋದರೂ ರೊಟ್ಟಿಯೇ ಕಣಪ್ಪ” ಎಂದಷ್ಟೇ ಹೇಳಿ ಕೂರಿಸಿದರು. ಅಂದಿನಿಂದ ಹಾಜರಿ ಪುಸ್ತಕವೊಂದನ್ನು ಬಿಟ್ಟು ಇಡೀ ಶಾಲೆಯಲ್ಲಿ ನನ್ನ ಹೆಸರು ರೊಟ್ಟೆ ಎಂದಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗೆಯ ಪ್ರಸಂಗವಾಗಿ, ಸಂತೋಷಕೂಟಗಳಲ್ಲಿ ನಾನೇ ಹೇಳಿಕೊಂಡು ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಅಂದು ಸಂಜೆ ಮನೆಗೆ ಬಂದಾಗ ಅವ್ವ ಎಂದಿನಂತೆ, ಇವತ್ತು ಯಾವ ಪದ ಎಂದು ಕೇಳಿದಳು. ನನ್ನ ಸೂತ್ರ ಬಿದ್ದುಹೋಯಿತು ಎಂದು ಹೇಳಲು ಒಂದೇ ಒಂದು ವಾಕ್ಯ ಸಾಕಾಗಿತ್ತು. ಆದರೆ ಶಾಲೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದವನಿಗೆ ಜಗತ್ತಿನಲ್ಲಿ ಉಳಿದಿದ್ದ ಏಕೈಕ ಶಿಷ್ಯೆ ಆಕೆ. ಇವತ್ತು ಪಾಠ ಇಲ್ಲ ಎಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಯನ್ನು ಸಂಕ್ರಾಂತಿಯವರೆಗೆ ಎಳೆದುಕೊಂಡು ಹೋದೆ.

ಸಂಕ್ರಾಂತಿಯ ಬೆನ್ನಿಗೇ ಪಾಲಕರ ಸಭೆ ಬಂತು. ನಮ್ಮದೇ ಮಗ್ಗದಲ್ಲಿ ನೇಯ್ದ ಹಸಿರು ಸೀರೆ ಉಟ್ಟು ಅವ್ವ ಬಂದಳು. ನಾವು ಹುಡುಗರು ಕಿಟಕಿಯ ಹೊರಗೆ ಗುಂಪಾಗಿ ನಿಂತಿದ್ದೆವು. ಮಗ ಮನೆಯಲ್ಲಿ ಹೇಗಿರುತ್ತಾನೆ ಎಂದು ಮೇಡಂ ಕೇಳಿದರು. ಅವ್ವ ಎದ್ದು, ಸೆರಗು ಸರಿಮಾಡಿಕೊಂಡು, ಮಗ್ಗದ ಮನೆಯ ಧ್ವನಿಯಲ್ಲಿ ಸಭಾಂಗಣಕ್ಕೆಲ್ಲ ಕೇಳುವಂತೆ ಹೇಳಿದಳು.

“ನಮ್ಮ ಹುಡುಗ ಮುಂಜಾನೆ ಎದ್ದು, ಎರಡು ರೊಟ್ಟೆ ತಿಂದು, ಗಾಡೆ ಹತ್ತಿ ಶಾಲೆಗೆ ಬರತಾನರಿ.”

“ಲೇ, ರೊಟ್ಟೆಯ ತಾಯೆ ಬಂದಾಳಲೇ!” ಎಂದು ನನ್ನ ಪಕ್ಕದಲ್ಲಿದ್ದವನು ಕೂಗಿದ. ಕಿಟಕಿ ನಕ್ಕಿತು, ಒಳಗಿನ ಕುರ್ಚಿಗಳು ನಕ್ಕವು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಅವ್ವ ತಿರುಗಿ ಕಿಟಕಿಯ ಕಡೆ ನೋಡಿದಾಗ ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಇಷ್ಟು ವರ್ಷಗಳ ಮೇಲೂ ಆ ತೆರೆದ ಬಾಯನ್ನು ನೆನೆದರೆ ನನಗೆ ನನ್ನ ಮುಖ ಕಂಡರಾಗುವುದಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಳು. ನಾನು ಹೊರಗೆ ಸಾಲಾಗಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತಿದ್ದೆ. ಆಮೇಲೆ ಆಕೆ ನನ್ನ ಮೊಣಕಾಲು ಮುಟ್ಟಿ, ಜನ್ಮದಲ್ಲಿ ಮೊದಲ ಬಾರಿಗೆ ಎಂಬಂತೆ ಮೆಲ್ಲಗೆ ಮಾತಾಡಿದಳು.

“ರೊಟ್ಟೆ, ಗಾಡೆ ಎಲ್ಲಾ ನೀ ಕಲಿಸಿದಂಗ ಬರೋಬ್ಬರಿ ಅಂದೆ. ಕಡೀಕ ‘ಬರತಾನರಿ’ ಅಂತ ನಮ್ಮ ಮಾತ ಬಂದಬಿಡ್ತು ನೋಡು. ಅದಕ್ಕ ನಕ್ರು. ನಿನ್ನ ಮಾನಾ ಕಳದ್ನಿ.”

ಸಭೆಯಲ್ಲಿ ಆಡಿದ ವಾಕ್ಯದಲ್ಲಿ ಸರಿಯಾಗಿಯೇ ಇದ್ದ ಮಾತನ್ನು, ಆಕೆಯದೇ ಆದ ಮಾತನ್ನು, ತಪ್ಪೆಂದು ಒಪ್ಪಿಕೊಂಡಿದ್ದಳು. ನಾನು ಬನಹಟ್ಟಿ ಬರುವವರೆಗೂ ಕಬ್ಬಿನ ಟ್ರ್ಯಾಕ್ಟರುಗಳನ್ನೇ ಎಣಿಸುತ್ತ ಹೋದೆ.

ಅವ್ವ ಮತ್ತೆಂದೂ ನನ್ನ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆದರೆ ಕಲಿತದ್ದನ್ನು ಬಿಡಲೂ ಇಲ್ಲ. ಮನೆಯಲ್ಲಿ ನಾವು ನಾವೇ ಇದ್ದಾಗ ತಿನ್ನುವುದು ರೊಟ್ಟಿ. ಬೀಗರು ಬಂದರೆ, ಮೊಮ್ಮಗಳ ಟೀಚರು ಫೋನು ಮಾಡಿದರೆ, ಅದು ರೊಟ್ಟೆ. ನನ್ನ ಹೆಂಡತಿ ಇದನ್ನು ಬನಹಟ್ಟಿಯ ಪ್ರಾಂತಭೇದವೆಂದು ತಿಳಿದು ಗೌರವದಿಂದ ಸುಮ್ಮನಿದ್ದಾಳೆ. ನಾನಂತೂ ಕಚೇರಿಯಲ್ಲಿ ದಿನವಿಡೀ ಊರವರ ಅರ್ಜಿಗಳನ್ನು ಕೆಂಪು ಶಾಯಿಯಲ್ಲಿ ತಿದ್ದುವ ಗುಮಾಸ್ತ. ಒಂದು ಕೊಂಬು ಹೆಚ್ಚಾದರೂ ಕೊಂಬು ಮೂಡಿದವನಂತೆ ಆಡುತ್ತೇನೆ. ತಪ್ಪು ಕಲಿಸಿದ್ದಕ್ಕೆ ಹದಿಮೂರು ವರ್ಷದ ಹುಡುಗನೆಂಬ ರಿಯಾಯಿತಿ ಸಿಕ್ಕೀತು ಎಂದು ಒಮ್ಮೊಮ್ಮೆ ಸಮಾಧಾನ ಹೇಳಿಕೊಳ್ಳುತ್ತೇನೆ. ಗೊತ್ತಾದ ಮೇಲೂ ತಿದ್ದದೆ ಉಳಿದದ್ದಕ್ಕೆ ಯಾವ ರಿಯಾಯಿತಿ ಇದೆ, ನೀವೇ ಹೇಳಿ.

ಕಳೆದ ವಾರ ಅವ್ವನಿಗೆ ಹೊಸ ಕನ್ನಡಕ ಕೊಡಿಸಿಕೊಂಡು ಬರುತ್ತಿದ್ದೆ. ಕಣ್ಣು ಹೊಸದಾದ ಸಂಭ್ರಮದಲ್ಲಿ ಆಕೆ ದಾರಿಯ ಬೋರ್ಡುಗಳನ್ನೆಲ್ಲ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಮುಧೋಳದ ಆ ಖಾನಾವಳಿಯ ಮುಂದೆ ಆಕೆಯ ಕಾಲು ನಿಂತಿತು.

“ನೋಡೋ, ಎಷ್ಟ ಬರೋಬ್ಬರಿ ಬರದಾರ! ನಮ್ಮಿಬ್ಬರಿಗೆ ಅಷ್ಟ ಅಲ್ಲ, ಇವರಿಗೂ ಗೊತ್ತೈತಿ.”

ಅಷ್ಟು ವರ್ಷಗಳಿಂದ ಗಂಟಲಲ್ಲಿದ್ದ ವಾಕ್ಯ ತುಟಿಯವರೆಗೆ ಬಂತು. ಹೊರಬಿದ್ದದ್ದು ಮಾತ್ರ “ಹೌದಬೇ ಅವ್ವ, ಬಾ, ಉಣ್ಣೂಣು” ಎಂದು. ಒಳಗೆ ಕುಳಿತೆವು. ಮಾಲೀಕ ಏನು ಕೊಡಲಿ ಎಂದು ಕೇಳಿದ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. “ಎರಡು ಬಿಸಿ ರೊಟ್ಟೆ” ಎಂದೆ. ಎಂದೋ ಗಟ್ಟಿಯಾಗಿದ್ದ ನನ್ನ ಧ್ವನಿ ಆ ಎಕಾರದ ಮೇಲೆ ಮತ್ತೆ ಒಡೆಯಿತು. ಪಕ್ಕದ ಮೇಜಿನ ಕಾಲೇಜು ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕೆಂದರು.

ಅವ್ವ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಅವರ ಕಡೆ ತಿರುಗಿ, ಮಗ್ಗದ ಮನೆಯ ಧ್ವನಿಯಲ್ಲಿ ಖಾನಾವಳಿಗೆಲ್ಲ ಕೇಳುವಂತೆ ಹೇಳಿದಳು.

“ಯಾಕ ನಗತೀರಿ? ನನ್ನ ಮಗಾ ಬರೋಬ್ಬರಿ ಅಂದಾನ. ಹೊರಗ ಬೋರ್ಡ್ ಓದ್ರಿ ಹೋಗ್ರಿ.”

ತಟ್ಟೆ ಬಂತು. ನಾನು ತಲೆ ಎತ್ತದೆ ರೊಟ್ಟೆ ಮುರಿದೆ.