ದಕ್ಷಿಣ ದಿಕ್ಕಿನ ಸೈಟು

ಶ್ರೀಗಂಧದ ಕಾವಲ್‌ನಲ್ಲಿ ನೋಡಿದ ಎರಡು ಸೈಟುಗಳಲ್ಲಿ ರುದ್ರೇಶನಿಗೆ ಹಿಡಿಸಿದ್ದು ದಿಬ್ಬದ ಮೇಲಿನ, ಪೂರ್ವಕ್ಕೆ ಮುಖ ಮಾಡಿದ್ದು. ಅಲ್ಲಿಗಿನ್ನೂ ಟ್ಯಾಂಕರ್ ನೀರೇ ಗತಿ. ಕೆಳಗಿನ, ದಕ್ಷಿಣ ದಿಕ್ಕಿನದಕ್ಕೆ ಕಾವೇರಿ ನೀರು ಬರುತ್ತಿತ್ತು. ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿ ಹದಿನೆಂಟು ವರ್ಷ ಎರಡನೇ ಮಹಡಿಗೆ ಕೊಡ ಹೊತ್ತಿದ್ದ ಅವನ ಹೆಂಡತಿ ಉಮಾಶ್ರೀ ಬಾಯಿ ಬಿಡಲಿಲ್ಲ. ದಕ್ಷಿಣದ ಬಾಗಿಲೆಂದರೆ ಅತ್ತೆ ಒಪ್ಪಲಾರರು ಎಂದುಕೊಂಡಿದ್ದಳು.

ಅತ್ತೆ ಯಶೋದಮ್ಮ ಎರಡನ್ನೂ ಸುತ್ತಿ ಬಂದು, "ಕೆಳಗಿನದೇ ತಗೋ ಕಣೋ" ಎಂದರು.

"ಅದು ಯಮನ ದಿಕ್ಕು ಕಣಮ್ಮ."

"ಯಮ ಬಂದ್ರೆ ಬರ್ಲಿ ಬಿಡು, ಕುಡಿಯೋಕೆ ನೀರಾದ್ರೂ ಕೊಡಬಹುದು. ಮೇಲಿನದು ತಗೊಂಡ್ರೆ ಅದನ್ನೂ ಇವಳೇ ಹೊರಬೇಕು. ನೀನು ಒಂದಿನ ಹೊತ್ತಿದೀಯೇನೋ?"

ರುದ್ರೇಶ ಬ್ರೋಕರ್‌ಗೆ ಫೋನ್ ಮಾಡಿದ.

ಅತ್ತೆ ಇಷ್ಟು ವರ್ಷ ನೋಡುತ್ತಲೇ ಇದ್ದರೆಂದು ಉಮಾಶ್ರೀಗೆ ತಿಳಿದದ್ದು ಅಂದೇ. ಅವರ ಕೈ ಹಿಡಿದು, "ಅತ್ತೆ, ಅಡುಗೆಮನೆ ಎಲ್ಲಿ ಬರ್ಲಿ, ನೀವೇ ಹೇಳಿ" ಎಂದಳು.