ಕೈಪಿಡಿಯಲ್ಲಿ ಚಂದಯ್ಯನ ಹೆಸರು

ಕೋಟದ ರಮ್ಯಶ್ರೀಗೆ ಬಾಯಿಗಿಂತ ಬೆರಳು ಜೋರು. ಬಸ್‌ಸ್ಟಾಪಿನೆದುರಿನ ಮಹಡಿಯ ಮೇಲಿರುವ ಪುಟ್ಟ ಆಫೀಸಿನಲ್ಲಿ ಕೋಡ್ ಬರೆಯುತ್ತಾಳೆ. ಯಾವ ಸಾಲು ಯಾಕಿದೆ ಎಂಬ ವಿವರಣೆಯನ್ನು ಕೋಡಿನ ನಡುವೆಯೇ, ಮನೆಯಲ್ಲಿ ಮಾತಾಡಿದ ಹಾಗೆ, ಬರೆದಿಡುವುದು ಅವಳ ಅಭ್ಯಾಸ. ಒಂದು ನಕ್ಷತ್ರ ಚಿಹ್ನೆ ಹಾಕಿ ಬರೆದದ್ದು ಆಫೀಸಿನವರಿಗೆ ಮಾತ್ರ. ಎರಡು ಹಾಕಿದ್ದನ್ನೆಲ್ಲ ಕಂಪ್ಯೂಟರೇ ಆಯ್ದು, ಬಳಸುವವರಿಗೊಂದು ಕೈಪಿಡಿ ಜೋಡಿಸಿಕೊಡುತ್ತದೆ. ಬರೆದವರು ಒಮ್ಮೆ ಓದಿ ನೋಡಿದರೆ ಸಾಕು. ಆ ಓದಿ ನೋಡುವ ಕೆಲಸವೊಂದೇ ಅವಳಿಗೆ ಆಗದು.

ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರ ಸಂಘಕ್ಕೆ ಹೂವಿನ ಲೆಕ್ಕ ಇಡುವ ಪ್ರೋಗ್ರಾಂ ಅವಳೇ ಬರೆದಳು. ಅಲ್ಲಿನ ಹಳೆಯ ಗುಮಾಸ್ತ ಚಂದಯ್ಯ, ಹೂ ಬರುವುದರಿಂದ ಹಿಡಿದು ಮಾರಾಟವಾಗುವವರೆಗಿನ ಕೆಲಸವನ್ನೆಲ್ಲ ಅವಳನ್ನು ಎದುರು ಕೂರಿಸಿಕೊಂಡು ವಿವರಿಸಿದ್ದರು. ಹೊರಡುವಾಗ ಮುಡಿಯಲು ಹೂ ಕೊಟ್ಟು, ತುಸು ಸಂಕೋಚದಿಂದ ಕೇಳಿದರು:

"ಪುಸ್ತಕದಗೆ ನನ್ನ ಹೆಸ್ರೂ ಇರತ್ತಾ?"

ಇರದೆ ಏನು ಎಂದು ರಮ್ಯಶ್ರೀ ನಕ್ಕಳು.

ಆಮೇಲೆ ಶುರುವಾಯಿತು ಫೋನು. ಚಂದಯ್ಯ ಒಂದೇ ಬಟನನ್ನು ಎರಡು ಸಲ ಒತ್ತುವುದು, ಒಂದೇ ಹೂವಿನ ರಾಶಿ ಎರಡು ಸಲ ದಾಖಲಾಗುವುದು, ಇವಳು ಸರಿಪಡಿಸುವುದು. ಒಂದು ದಿನ ಅರ್ಧ ಊಟದಿಂದ ಎದ್ದುಬಂದ ಸಿಟ್ಟಿನಲ್ಲಿ, ಎರಡನೇ ಒತ್ತನ್ನು ತಡೆಯುವ ಕೋಡ್ ಬರೆದು, ಅದರ ಮೇಲೊಂದು ವಿವರಣೆಯನ್ನೂ ಜಡಿದಳು. ಸಿಟ್ಟಿಗೆ ನಕ್ಷತ್ರದ ಲೆಕ್ಕ ಎಲ್ಲಿಂದ? ಎರಡು ಬಿತ್ತು. ಮನಸ್ಸು ಹಗುರಾಯಿತು, ಬರೆದದ್ದು ಮರೆತೂ ಹೋಯಿತು.

ಕೈಪಿಡಿ ಅಚ್ಚಾಗಿ ಸಂಘದ ಸಭೆಗೆ ಬಂತು, ರಮ್ಯಶ್ರೀಯೂ ಬಂದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಚಂದಯ್ಯ ಪುಟ ತಿರುವಿ ತಿರುವಿ ತಮ್ಮ ಹೆಸರು ಹುಡುಕಿದರು. ಸಿಕ್ಕಿದ್ದೇ ತಡ, ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದತೊಡಗಿದರು: "ಚಂದಯ್ಯ ಒಂದೇ ಬಟನ್ ಎರಡೆರಡ್ ಸಲ ಒತ್ತುದು. ಎಷ್ಟ್ ಹೇಳಿರೂ ಮಂಡೆಗ್ ಹೋತಿಲ್ಲ. ಅದ್ಕೇ ಈ ತಡೆ."

ಕೆಲವರು ನಕ್ಕರು. ಕುಳಿತು ಪುಸ್ತಕ ಮುಚ್ಚುವಾಗ ಚಂದಯ್ಯನ ಬಲಗೈ ನಡುಗುತ್ತಿದ್ದುದನ್ನು ರಮ್ಯಶ್ರೀ ಮೊದಲ ಸಲ ಕಂಡಳು. ಅದು ಹಳೆಯ ನಡುಕ, ನಿನ್ನೆದುರು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು ಎಂದು ಪಕ್ಕದವರು ಹೇಳಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು ಅವಳಿಗೆ.

ಅಂದಿನಿಂದ ಫೋನು ನಿಂತಿತು. ಬಟನ್ ಬಿಟ್ಟು ಬೇರೆ ತೊಡಕು ಬಂದರೂ ಚಂದಯ್ಯ ಅವಳನ್ನು ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕೋಡ್ ಬರೆಯುವವಳಿಗೋ ಏನನ್ನೂ ಅಳಿಸಬಹುದೆಂಬ ಭ್ರಮೆ. ಆ ಸಾಲು ಅಳಿಸಿದಳು. ಮೊದಲ ಪುಟದಲ್ಲೇ ಚಂದಯ್ಯನವರ ಉಪಕಾರ ಸ್ಮರಿಸಿ ಹೊಸ ಕೈಪಿಡಿ ಮಾಡಿಸಿ, ಹೆಮ್ಮಾಡಿಯ ಬಸ್ ಹತ್ತಿದಳು.

ತಪ್ಪಾಯಿತು ಎಂದಾಗ ಚಂದಯ್ಯ ಸಿಡುಕಲಿಲ್ಲ. ಕೂರಲು ಹೇಳಿದರು. ಮೊದಲ ಪುಟವನ್ನು ನಿಧಾನವಾಗಿ ಓದಿ, ಪುಸ್ತಕವನ್ನು ಅವಳತ್ತ ಸರಿಸಿದರು.

"ಲಾಯ್ಕ್ ಇತ್ತ್, ಮಗಾ. ಆದ್ರೆ ಇದ್ ನಾನ್ ಓದ್ಲಿ ಅಂದೇಳಿ ಬರ್ದದ್ದ್. ಮುಂಚಿನದ್ದ್ ನೀ ನಿನ್ನಷ್ಟಕ್ಕೇ ಬರ್ದದ್ದ್ ಅಲ್ದಾ?"